ಮನೋವಿಜ್ಞಾನದ ಸ್ನಾತಕೋತ್ತರ ಸಂಶೋಧನೆ: ಕನ್ನಡದಲ್ಲಿ ಪ್ರಶ್ನೆ ಕೇಳಲು ಹೊರಡುವ ಮುನ್ನ

ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದು ಈ ವರ್ಷ ಸಂಶೋಧನಾ ಪ್ರಬಂಧ ಬರೆಯಬೇಕಾದ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ಪಾಠವನ್ನೆಲ್ಲ ಇಂಗ್ಲಿಷಿನಲ್ಲಿ ಓದಿ, ಮಾಹಿತಿಯನ್ನು ಮಾತ್ರ ಕನ್ನಡ ಮಾತನಾಡುವ ಜನರಿಂದ ಪಡೆಯಬೇಕಾದವರಿಗಾಗಿ. ನನ್ನ ವಿಷಯ ಗ್ರಾಮೀಣ ಆಶಾ ಕಾರ್ಯಕರ್ತೆಯರ ಒತ್ತಡ ಮತ್ತು ನಿದ್ದೆ. ಕೊನೆಯ ಎರಡು ಸೆಮಿಸ್ಟರ್ ಅದಕ್ಕೇ ಹೋಯಿತು. ಅಂಕಿಅಂಶದ ಪಾಠವನ್ನು ಎಷ್ಟೇ ಗಟ್ಟಿಯಾಗಿ ಕಲಿತಿದ್ದರೂ, ಎದುರಿಗೆ ಕುಳಿತವರಿಗೆ ನಮ್ಮ ಪ್ರಶ್ನೆ ಅರ್ಥವಾಗದಿದ್ದರೆ ಮುಂದಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಇದು ನನಗೆ ತಡವಾಗಿ ಹೊಳೆಯಿತು. ನಿಮಗೆ ಮೊದಲೇ ಹೊಳೆಯಲಿ ಎಂಬುದು ನನ್ನ ಆಸೆ.

ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

ನಾನು ಗೈಡ್ ಮುಂದೆ ಇಟ್ಟ ಮೊದಲ ಶೀರ್ಷಿಕೆ ‘ಆಶಾ ಕಾರ್ಯಕರ್ತೆಯರ ಮಾನಸಿಕ ಆರೋಗ್ಯದ ಮೇಲೆ ಕೆಲಸದ ಒತ್ತಡದ ಪರಿಣಾಮ’. ಅವರು ‘ಪರಿಣಾಮ’ ಎಂಬ ಪದದ ಕೆಳಗೆ ಗೆರೆ ಎಳೆದು ಹಾಳೆಯನ್ನು ಹಿಂದಿರುಗಿಸಿದರು. ಒಂದೇ ಸಲ ಭೇಟಿಯಾಗಿ ಪ್ರಶ್ನಾವಳಿ ತುಂಬಿಸಿಕೊಂಡು ಬರುವ ಅಧ್ಯಯನದಲ್ಲಿ ಪರಿಣಾಮವನ್ನು ತೋರಿಸಲು ಬರುವುದಿಲ್ಲ. ಒತ್ತಡದಿಂದ ನಿದ್ದೆ ಕೆಟ್ಟಿತೋ, ನಿದ್ದೆಗೆಟ್ಟದ್ದರಿಂದ ಒತ್ತಡ ಹೆಚ್ಚಿತೋ, ಎರಡಕ್ಕೂ ಮನೆಯ ಸಾಲವೇ ಕಾರಣವೋ, ಅಂಕಿಗಳು ಹೇಳುವುದಿಲ್ಲ. ಅಲ್ಲಿ ಹೇಳಬಹುದಾದದ್ದು ‘ಸಂಬಂಧ’ ಮಾತ್ರ. ಶೀರ್ಷಿಕೆಯಲ್ಲಿ ಈ ಒಂದು ಪದವನ್ನು ಸರಿಮಾಡಿಕೊಂಡರೆ ವೈವಾದ (ಮೌಖಿಕ ಪರೀಕ್ಷೆಯ) ಅರ್ಧ ಕಷ್ಟ ಕಳೆಯುತ್ತದೆ.

ಆಮೇಲೆ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು, ಮನೋವಿಜ್ಞಾನ ಓದದ ಯಾರಿಗಾದರೂ ಓದಿ ಹೇಳಿ. ನಾನು ನನ್ನ ಅತ್ತೆಯವರಿಗೆ ಓದಿ ಹೇಳಿದೆ: ‘ಹೆಚ್ಚು ಒತ್ತಡ ಇದೆ ಎನ್ನುವ ಆಶಾ ಕಾರ್ಯಕರ್ತೆಯರ ನಿದ್ದೆ ಉಳಿದವರಿಗಿಂತ ಕೆಟ್ಟಿರುತ್ತದೆಯೇ?’ ಅವರಿಗೆ ಕೂಡಲೇ ಅರ್ಥವಾಯಿತು. ಹೇಳಿದ್ದು ಅರ್ಥವಾಗದೆ ಎರಡನೆಯ ವಾಕ್ಯ ಸೇರಿಸಬೇಕಾಗಿ ಬಂದರೆ ಪ್ರಶ್ನೆ ಇನ್ನೂ ದೊಡ್ಡದಿದೆ ಎಂದೇ ಲೆಕ್ಕ.

ತಿಂಗಳುಗಳನ್ನು ಹಿಂದಿನಿಂದ ಎಣಿಸಿ

ಪ್ರಬಂಧ ಒಪ್ಪಿಸುವ ದಿನದಿಂದ ಹಿಂದಕ್ಕೆ ಬನ್ನಿ. ಬರವಣಿಗೆಗೆ ಎರಡು ತಿಂಗಳು, ವಿಶ್ಲೇಷಣೆಗೆ ಮೂರು ವಾರ, ಕ್ಷೇತ್ರಕಾರ್ಯಕ್ಕೆ ಎರಡು ತಿಂಗಳು ಇಟ್ಟುಕೊಂಡರೆ, ಪ್ರಶ್ನಾವಳಿಯ ಅನುವಾದಕ್ಕೂ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕತಾ ಸಮಿತಿಗೂ ಈಗಲೇ ಕೈಹಾಕಬೇಕು ಎಂಬುದು ತಾನಾಗಿಯೇ ಕಾಣುತ್ತದೆ. ನಿಮ್ಮ ಜನರ ಕ್ಯಾಲೆಂಡರನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಆಶಾ ಕಾರ್ಯಕರ್ತೆಯರಿಗೆ ಪಲ್ಸ್ ಪೋಲಿಯೊ ವಾರದಲ್ಲಿ ಉಸಿರಾಡಲೂ ಬಿಡುವಿರುವುದಿಲ್ಲ, ಮಳೆಗಾಲದಲ್ಲಿ ಮನೆ ಮನೆಗೆ ಹೋಗಿ ಲಾರ್ವಾ ಸಮೀಕ್ಷೆ ಮಾಡಬೇಕು. ಕಾಲೇಜು ವಿದ್ಯಾರ್ಥಿಗಳ ಮೇಲೆ ಅಧ್ಯಯನವಾದರೆ ಪರೀಕ್ಷೆಯ ಹಿಂದಿನ ವಾರದ ಒತ್ತಡ ವರ್ಷವಿಡೀ ಇರುವ ಒತ್ತಡವಲ್ಲ. ಅನುಮತಿ ಪತ್ರಕ್ಕೆ ನಾನು ಒಂದು ವಾರ ಎಂದುಕೊಂಡಿದ್ದೆ, ಐದು ವಾರ ಹಿಡಿಯಿತು.

ಮಾಪನವನ್ನು ಆರಿಸುವುದು

ಒತ್ತಡಕ್ಕೆ ನಾನು ಆರಿಸಿದ್ದು ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್‌ನ 10 ಪ್ರಶ್ನೆಗಳ ರೂಪ. ಶೆಲ್ಡನ್ ಕೊಹೆನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಮಾಪನದಿಂದ ಬಂದದ್ದು. ಪ್ರತಿ ಪ್ರಶ್ನೆಗೆ 0ಯಿಂದ 4 ಅಂಕ, ಒಟ್ಟು 40. ನಿದ್ದೆಗೆ ಪಿಟ್ಸ್‌ಬರ್ಗ್ ನಿದ್ರಾ ಸೂಚ್ಯಂಕ. ಇದರ ಒಟ್ಟು ಅಂಕ 21, ಅಂಕ 5ನ್ನು ಮೀರಿದರೆ ನಿದ್ದೆ ಚೆನ್ನಾಗಿಲ್ಲ ಎಂದು ಎಣಿಕೆ.

ಆರಿಸುವಾಗ ಮೂರು ಸಂಗತಿಗಳನ್ನು ನೋಡಿ. ಮೊದಲನೆಯದು ಹಕ್ಕು. ಅಂತರಜಾಲದಲ್ಲಿ ಪಿಡಿಎಫ್ ಸಿಕ್ಕಿತು ಎಂದಮಾತ್ರಕ್ಕೆ ಬಳಸಲು ಅನುಮತಿ ಸಿಕ್ಕಂತಲ್ಲ. ಖಿನ್ನತೆಗೆ ಬಳಸುವ ಪಿಎಚ್‌ಕ್ಯೂ-9 ಯಾರ ಅಪ್ಪಣೆಯೂ ಇಲ್ಲದೆ ಬಳಸಬಹುದಾದದ್ದು. ಬೆಕ್ ಖಿನ್ನತಾ ಮಾಪನವನ್ನು ಹಣ ಕೊಟ್ಟು ಕೊಳ್ಳಬೇಕು. ಪಿಟ್ಸ್‌ಬರ್ಗ್ ಸೂಚ್ಯಂಕಕ್ಕೆ ಬರೆದು ಅನುಮತಿ ಕೇಳಬೇಕು. ಎರಡನೆಯದು, ಕನ್ನಡ ರೂಪ ಆಗಲೇ ಇದೆಯೇ ಎಂಬುದು. ಶೋಧಗಂಗಾ ಎಂಬ ಅಂತರಜಾಲ ಭಂಡಾರದಲ್ಲಿ ಹಳೆಯ ಪಿಎಚ್.ಡಿ. ಪ್ರಬಂಧಗಳ ಅನುಬಂಧಗಳನ್ನು ತೆರೆದು ನೋಡಿ, ಸಿಕ್ಕರೆ ಬರೆದವರಿಗೆ ಇಮೇಲ್ ಹಾಕಿ ಕೇಳಿ. ಮೂರನೆಯದು ಉದ್ದ. 40 ಪ್ರಶ್ನೆ ದಾಟಿದರೆ ಕೊನೆಯ ಪುಟದ ಉತ್ತರಗಳೆಲ್ಲ ಒಂದೇ ಸಾಲಿನಲ್ಲಿ ಬರತೊಡಗುತ್ತವೆ.

ಅನುವಾದ: ಇಲ್ಲಿ ಅವಸರ ಬೇಡ

ಪುಸ್ತಕಗಳು ಹೇಳುವ ಕ್ರಮ ಸರಳವಾಗಿದೆ. ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಬೇಕು, ಎರಡನ್ನೂ ಹೋಲಿಸಿ ಒಂದು ಮಾಡಬೇಕು, ಮೂಲವನ್ನು ನೋಡದ ಮೂರನೆಯವರು ಅದನ್ನು ಮರಳಿ ಇಂಗ್ಲಿಷಿಗೆ ತರಬೇಕು, ಮೂಲಕ್ಕೂ ಇದಕ್ಕೂ ತಾಳೆ ನೋಡಬೇಕು. ಇದನ್ನೆಲ್ಲ ನಾನು ಚಾಚೂ ತಪ್ಪದೆ ಮಾಡಿದೆ. ಮರಳಿ ಬಂದ ಇಂಗ್ಲಿಷ್ ಮೂಲದ ತದ್ರೂಪಿನಂತಿತ್ತು. ಖುಷಿಯಿಂದ 100 ಪ್ರತಿ ಜೆರಾಕ್ಸ್ ಮಾಡಿಸಿಬಿಟ್ಟೆ.

ಮೊದಲ ದಿನ ಎದುರು ಕುಳಿತವರು ಸುಮಾರು ನಲವತ್ತೈದರ ಒಬ್ಬ ಆಶಾ ಕಾರ್ಯಕರ್ತೆ. ಐದನೆಯ ಪ್ರಶ್ನೆಯ ಹತ್ತಿರ ಪೆನ್ನು ನಿಂತಿತು. ಅಲ್ಲಿ ಬರೆದಿತ್ತು: ‘ಕಳೆದ ಒಂದು ತಿಂಗಳಲ್ಲಿ ಸಂಗತಿಗಳು ನಿಮ್ಮ ದಾರಿಯಲ್ಲಿ ಹೋಗುತ್ತಿವೆ ಎಂದು ಎಷ್ಟು ಸಲ ಅನಿಸಿದೆ?’ ಅವರು ಎರಡು ಸಲ ಓದಿಕೊಂಡು, “ಮೇಡಂ, ನಮ್ಮ ಊರಿನ ದಾರಿಯಲ್ಲಿ ದಿನಕ್ಕೆ ಎರಡೇ ಬಸ್ಸು. ಏನು ಬರೆಯಲಿ?” ಎಂದು ಕೇಳಿದರು. ಅವರು ತಮಾಷೆ ಮಾಡುತ್ತಿರಲಿಲ್ಲ. ಅಚ್ಚಾದ ಹಾಳೆಯನ್ನು ಗೌರವದಿಂದ ಓದಿ, ಬರೆದದ್ದಕ್ಕೆ ಸರಿಯಾದ ಉತ್ತರ ಹುಡುಕುತ್ತಿದ್ದರು. ಅದೇ ಹಾಳೆಯಲ್ಲಿ ‘ಒತ್ತಡ ಅನಿಸಿದೆಯೇ’ ಎಂಬ ಪ್ರಶ್ನೆಗೆ, “ಹೋದ ವಾರ ಸಿಸ್ಟರ್ ನೋಡಿದರು, ನಾರ್ಮಲ್ ಇದೆ” ಎಂದರು. ದಿನವೂ ಗರ್ಭಿಣಿಯರ ರಕ್ತದೊತ್ತಡದ ಮಾತಾಡುವವರಿಗೆ ಒತ್ತಡ ಎಂದರೆ ಬಿಪಿ ಎಂದೇ ತೋರಿದ್ದರಲ್ಲಿ ತಪ್ಪೇನಿದೆ?

ಆ ಸಂಜೆ ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಮರು ಅನುವಾದ ಯಾಕೆ ಇದನ್ನು ಹಿಡಿಯಲಿಲ್ಲ? ಯಾಕೆಂದರೆ ಪದಕ್ಕೆ ಪದ ಇಟ್ಟ ಕನ್ನಡ, ಪದಕ್ಕೆ ಪದವಾಗಿಯೇ ಇಂಗ್ಲಿಷಿಗೆ ಮರಳುತ್ತದೆ. ಕನ್ನಡ ಎಷ್ಟು ನಿರ್ಜೀವವಾಗಿದ್ದರೆ ಮರಳಿ ಬರುವ ಇಂಗ್ಲಿಷ್ ಅಷ್ಟು ಸೊಗಸಾಗಿರುತ್ತದೆ! ಮರು ಅನುವಾದ ಒಂದರ ಮೇಲೆಯೇ ಭಾರ ಹಾಕಬೇಡಿ. ಅದರ ನಂತರ ಇನ್ನೊಂದು ಹೆಜ್ಜೆ ಕಡ್ಡಾಯ: ನಿಮ್ಮ ಅಧ್ಯಯನದ ಗುಂಪಿನಂಥವರೇ ಆರೇಳು ಜನರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಪ್ರತಿ ಪ್ರಶ್ನೆಯನ್ನೂ ಓದಿಸಿ, “ಇದು ಏನು ಕೇಳುತ್ತಿದೆ ಎಂದು ನಿಮ್ಮ ಮಾತಿನಲ್ಲಿ ಹೇಳಿ” ಎಂದು ಕೇಳುವುದು. ಉತ್ತರ ಬೇಡ, ಪ್ರಶ್ನೆಯ ಅರ್ಥ ಬೇಕು. ಇವರ ಹಾಳೆಗಳನ್ನು ಅಂತಿಮ ಲೆಕ್ಕಕ್ಕೆ ಸೇರಿಸಬಾರದು.

ನಾನು ಹಾಗೆ ಕೂತು ಕೇಳಿದ್ದರಿಂದ ಆದ ಬದಲಾವಣೆಗಳು ಹೀಗಿವೆ. ‘ನಿಮ್ಮ ದಾರಿಯಲ್ಲಿ ಹೋಗುತ್ತಿವೆ’ ಎಂಬುದು ‘ಅಂದುಕೊಂಡಂತೆ ಎಲ್ಲ ನಡೆಯುತ್ತಿದೆ’ ಎಂದಾಯಿತು. ‘ಒತ್ತಡ’ದ ಜೊತೆಗೆ ‘ಮನಸ್ಸಿಗೆ’ ಎಂಬ ಮಾತನ್ನೂ ‘ತಳಮಳ’ವನ್ನೂ ಸೇರಿಸಿದೆ. ಹೆಚ್ಚು ತಲೆನೋವು ಕೊಟ್ಟದ್ದು ‘ಹಿಡಿತ’. ಇಂಗ್ಲಿಷಿನಲ್ಲಿ ಬೇರೆ ಬೇರೆಯಾಗಿದ್ದ ಮೂರು ಪ್ರಶ್ನೆಗಳು ಕನ್ನಡದಲ್ಲಿ ಮೂರೂ ‘ಹಿಡಿತದಲ್ಲಿ’ ಎಂದೇ ಆಗಿದ್ದವು. ಓದಿದವರೆಲ್ಲ “ಇದನ್ನು ಆಗಲೇ ಕೇಳಿದ್ದೀರಲ್ಲ” ಎನ್ನುತ್ತಿದ್ದರು. ಆ ಮೂರರಲ್ಲಿ ಎಂಟನೆಯ ಪ್ರಶ್ನೆಗೆ ಸರಿಯಾದ ಮಾತು ಕೊನೆಗೆ ಒಬ್ಬ ಕಾರ್ಯಕರ್ತೆಯ ಬಾಯಿಂದಲೇ ಬಂತು. “ಓ, ಎಲ್ಲ ಸರಿದೂಗಿಸಿಕೊಂಡು ಹೋಗುತ್ತಿದ್ದೇನಾ ಅಂತ ಕೇಳುತ್ತಿದ್ದೀರಾ?” ಎಂದರು. ‘ಸರಿದೂಗಿಸು’ ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಬಳಸುವ ಮಾತು, ಎರಡು ತಿಂಗಳು ನಿಘಂಟು ತಿರುವಿದರೂ ನನಗೆ ಹೊಳೆದಿರಲಿಲ್ಲ.

ಉತ್ತರದ ಆಯ್ಕೆಗಳನ್ನೂ ಪರೀಕ್ಷಿಸಿ. ‘ಸಾಕಷ್ಟು ಸಲ’ ಮತ್ತು ‘ತುಂಬಾ ಸಲ’ ಇವೆರಡರಲ್ಲಿ ಯಾವುದು ಹೆಚ್ಚು ಎಂದು ಕೇಳಿದರೆ ಜನ ಎರಡೂ ಒಂದೇ ಎನ್ನುತ್ತಾರೆ. ನಾನು ಐದು ಆಯ್ಕೆಗಳ ಮೇಲೆ ಐದು ಲೋಟಗಳ ಚಿತ್ರ ಬಿಡಿಸಿದೆ: ಖಾಲಿ ಲೋಟ, ತಳದಲ್ಲಿ ಸ್ವಲ್ಪ ನೀರು, ಅರ್ಧ, ಮುಕ್ಕಾಲು, ತುಂಬಿದ್ದು. ಆಮೇಲೆ ಯಾರೂ ಗೊಂದಲಪಡಲಿಲ್ಲ.

ಪ್ರದೇಶವನ್ನೂ ಗಮನಿಸಿ. ಹಳೇ ಮೈಸೂರಿನ ‘ಬೇಜಾರು’ ಉತ್ತರ ಕರ್ನಾಟಕದಲ್ಲಿ ‘ಬ್ಯಾಸರ’. ‘ಖಿನ್ನತೆ’ ಪತ್ರಿಕೆಯಲ್ಲಿ ಓದುವ ಪದ, ಬಾಯಲ್ಲಿ ಆಡುವ ಪದವಲ್ಲ. ಪದ ಬದಲಿಸಿದ ಪ್ರತಿ ಜಾಗವನ್ನೂ ಕಾರಣದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಪ್ರಬಂಧದ ಅನುಬಂಧಕ್ಕೆ ಅದು ಹಾಗೆಯೇ ಹೋಗುತ್ತದೆ.

ನೈತಿಕತಾ ಸಮಿತಿಯ ಮುಂದೆ

ಸಹಿ ಹಾಕಿಸಿಕೊಳ್ಳುವ ಕಚೇರಿ ಕೆಲಸ ಎಂದು ಇದನ್ನು ತಿಳಿದಿದ್ದರೆ ಆ ಎಣಿಕೆಯನ್ನು ಇಂದೇ ಬಿಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯನ್ನು ಓದಿಕೊಂಡು ಹೋಗಿ. ಮಾಹಿತಿ ಪತ್ರ ಮತ್ತು ಒಪ್ಪಿಗೆ ಪತ್ರ ಎರಡೂ ಕನ್ನಡದಲ್ಲಿರಬೇಕು. ಓದಲು ಬಾರದವರಾದರೆ ಹೆಬ್ಬೆಟ್ಟಿನ ಗುರುತಿನ ಜೊತೆಗೆ ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿಯೊಬ್ಬರ ಸಹಿ ಬೇಕು. ಹತ್ತಿರದಲ್ಲಿದೆ ಎಂದು ಪಿಯು ಕಾಲೇಜನ್ನು ಆರಿಸುವವರು ಒಂದನ್ನು ಮರೆಯುತ್ತಾರೆ: ಅಲ್ಲಿಯ ಬಹುತೇಕ ಮಕ್ಕಳಿಗೆ ಇನ್ನೂ 18 ತುಂಬಿರುವುದಿಲ್ಲ. ಪೋಷಕರ ಒಪ್ಪಿಗೆಯೂ ಬೇಕು, ಆ ವಿದ್ಯಾರ್ಥಿಯ ಸಮ್ಮತಿಯೂ ಬೇಕು.

ನನ್ನ ಮೊದಲ ಪ್ರಸ್ತಾವದಲ್ಲಿ ಪಿಎಚ್‌ಕ್ಯೂ-9 ಕೂಡ ಇತ್ತು. ಸಮಿತಿಯ ಹಿರಿಯ ಸದಸ್ಯೆಯೊಬ್ಬರು ಕೇಳಿದರು: “ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಯಾರಾದರೂ ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಗುರುತು ಹಾಕಿದರೆ ಆ ರಾತ್ರಿ ನೀವು ಏನು ಮಾಡುತ್ತೀರಿ?” ನನ್ನ ಬಳಿ ಉತ್ತರ ಇರಲಿಲ್ಲ. ಹಾಳೆಗಳನ್ನು ಹಾಸ್ಟೆಲ್ಲಿಗೆ ತಂದು, ತಿಂಗಳ ನಂತರ ಎಕ್ಸೆಲ್‌ನಲ್ಲಿ ತುಂಬುವಾಗ ಆ ಗುರುತನ್ನು ನೋಡುತ್ತಿದ್ದೆ ಎಂಬುದು ನೆನಪಾದರೆ ಈಗಲೂ ಕೈ ತಣ್ಣಗಾಗುತ್ತದೆ.

ಮನಸ್ಸನ್ನು ನೋಯಿಸಬಹುದಾದ ಯಾವ ಪ್ರಶ್ನೆ ಕೇಳುವುದಿದ್ದರೂ ಒಂದು ಕ್ರಮವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಆ ಪುಟವನ್ನು ಅವರು ಏಳುವ ಮೊದಲೇ ನೋಡಬೇಕು. ಗುರುತು ಇದ್ದರೆ ಬೇರೆಯಾಗಿ ಕುಳಿತು ಮಾತಾಡಿಸಬೇಕು, ಒಂಟಿಯಾಗಿ ಕಳಿಸಬಾರದು, ಗೈಡ್‌ಗೆ ಅಲ್ಲಿಂದಲೇ ಫೋನ್ ಮಾಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಚಿಕಿತ್ಸಾಲಯ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ವಾರ ಇರುತ್ತದೆ ಎಂದು ಮೊದಲೇ ವಿಚಾರಿಸಿಕೊಂಡಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416, ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲಿ ಮಾತಾಡಬಹುದು. ಅದನ್ನು ಅಚ್ಚು ಹಾಕಿದ ಚೀಟಿಯನ್ನು ಗುರುತು ಹಾಕಿದವರಿಗೆ ಮಾತ್ರವಲ್ಲದೆ ಎಲ್ಲರಿಗೂ ಕೊಡಿ, ಆಗ ಯಾರೂ ಬೇರೆಯಾಗಿ ಕಾಣುವುದಿಲ್ಲ. ನಾನು ಕೊನೆಗೆ ಪಿಎಚ್‌ಕ್ಯೂ-9 ಅನ್ನು ಕೈಬಿಟ್ಟೆ. ನನ್ನ ಪ್ರಶ್ನೆಗೆ ಅದು ಬೇಕಿರಲಿಲ್ಲ, ಹೆಚ್ಚು ಮಾಪನ ಇದ್ದರೆ ಪ್ರಬಂಧ ದಪ್ಪವಾಗಿ ಕಾಣುತ್ತದೆ ಎಂಬ ಆಸೆಯಿಂದ ಸೇರಿಸಿದ್ದೆ. ಚೀಟಿಯನ್ನು ಮಾತ್ರ ಉಳಿಸಿಕೊಂಡೆ.

ಎಷ್ಟು ಜನ ಬೇಕು?

‘ಸೀನಿಯರ್ 60 ಜನರನ್ನು ತೆಗೆದುಕೊಂಡಿದ್ದರು’ ಎಂಬುದು ಕಾರಣವಲ್ಲ. ಜಿ-ಪವರ್ ಎಂಬ ಉಚಿತ ತಂತ್ರಾಂಶದಲ್ಲಿ ಐದು ನಿಮಿಷದ ಕೆಲಸ ಇದು. 0.3ರಷ್ಟು ಸಹಸಂಬಂಧ ನಿಜವಾಗಿ ಇದ್ದರೆ, ಅದನ್ನು ಸಾಂಖ್ಯಿಕ ಮಹತ್ವದ 0.05ರ ಮಟ್ಟದಲ್ಲಿ ಶೇ. 80ರ ಸಾಧ್ಯತೆಯಿಂದ ಹಿಡಿಯಲು ಸುಮಾರು 85 ಜನ ಬೇಕು. ಸಂಬಂಧ 0.2ರಷ್ಟೇ ಇದ್ದರೆ ಸುಮಾರು 194. ಎರಡು ಗುಂಪುಗಳ ನಡುವಿನ ಮಧ್ಯಮ ಪ್ರಮಾಣದ ವ್ಯತ್ಯಾಸಕ್ಕೆ ಗುಂಪಿಗೆ 64. ಬಿಟ್ಟುಹೋಗುವ ಹಾಳೆಗಳಿಗೆಂದು ಶೇ. 15ರಷ್ಟು ಸೇರಿಸಿಕೊಳ್ಳಿ.

ಈ ಲೆಕ್ಕ ಕ್ಷೇತ್ರವನ್ನೂ ತೀರ್ಮಾನಿಸುತ್ತದೆ. ಬಯಲು ಸೀಮೆಯಲ್ಲಿ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 30,000 ಜನಸಂಖ್ಯೆ, 1,000 ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ನಿಯಮ. ಅಂದರೆ ಒಂದು ಕೇಂದ್ರದಲ್ಲಿ ಎಲ್ಲರೂ ಒಪ್ಪಿದರೂ 30 ಜನ. ನನಗೆ ಐದು ಕೇಂದ್ರಗಳು ಬೇಕಾದವು, ಅನುಮತಿ ಪತ್ರವನ್ನೂ ಐದಕ್ಕೆ ಸೇರಿಸಿಯೇ ಕೇಳಿದೆ.

ಕ್ಷೇತ್ರಕ್ಕೆ ಹೋದ ದಿನ

ಆಶಾ ಕಾರ್ಯಕರ್ತೆಯರು ಒಟ್ಟಿಗೆ ಸಿಗುವುದು ತಿಂಗಳ ಸಭೆಯಲ್ಲಿ. ಸಭೆ ಮುಗಿದ ಕೂಡಲೇ ಅಧಿಕಾರಿಯೊಬ್ಬರು “ಎಲ್ಲರೂ ಇದನ್ನು ತುಂಬಿಕೊಟ್ಟೇ ಹೋಗಬೇಕು” ಎಂದು ನನ್ನ ಪರವಾಗಿ ಹೇಳಿಬಿಟ್ಟರು. ಒಳ್ಳೆಯ ಮನಸ್ಸಿನಿಂದ ಹೇಳಿದ್ದು. ಆದರೆ ಅಲ್ಲಿಗೆ ಒಪ್ಪಿಗೆ ಎಂಬುದು ಇಲ್ಲವಾಯಿತು. ಮುಂದಿನ ಕೇಂದ್ರದಿಂದ ನಾನು ಮೊದಲೇ ಹೋಗಿ ವಿನಂತಿಸಿಕೊಳ್ಳತೊಡಗಿದೆ: ಪರಿಚಯಿಸಿ ಸಾಕು, ಆಮೇಲೆ ನಾನೊಬ್ಬಳೇ ಇರುತ್ತೇನೆ. ಕೋಣೆಯಲ್ಲಿ ಮೇಲಿನವರು ಯಾರೂ ಇಲ್ಲದಾಗ ಕೊಟ್ಟ ಉತ್ತರಗಳೇ ಬೇರೆ. ನಾಲ್ವರು ಬೇಡವೆಂದು ಎದ್ದು ಹೋದರು. ಅವರು ಹೋಗಬಲ್ಲರು ಎಂದಾದ ಮೇಲೆ ಉಳಿದವರ ಒಪ್ಪಿಗೆಗೆ ಬೆಲೆ ಬಂತು.

“ಇದು ಯಾವ ರಿಜಿಸ್ಟರಿಗೆ ಮೇಡಂ?” ಎಂದು ಪ್ರತಿ ಕಡೆಯೂ ಕೇಳುತ್ತಾರೆ. ಇಲಾಖೆಯದಲ್ಲ, ನನ್ನ ಓದಿಗೆ, ಇದರಿಂದ ನಿಮ್ಮ ಪ್ರೋತ್ಸಾಹಧನ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ ಎಂದು ಬಿಡಿಸಿ ಹೇಳಿ. ನಿದ್ದೆಯ ಪ್ರಶ್ನಾವಳಿ ‘ಸಾಮಾನ್ಯವಾಗಿ ಎಷ್ಟು ಗಂಟೆಗೆ ಮಲಗುತ್ತೀರಿ’ ಎಂದು ಶುರುವಾಗುತ್ತದೆ, “ಹೆರಿಗೆ ಇರುವ ರಾತ್ರಿಯೋ, ಇಲ್ಲದ ರಾತ್ರಿಯೋ?” ಎಂದು ಒಬ್ಬರು ಮರಳಿ ಕೇಳಿದರು. ಇಂಥ ಮಾತುಗಳನ್ನು ಹಾಳೆಯ ಅಂಚಿನಲ್ಲೇ ಬರೆದುಕೊಳ್ಳಿ. ನನ್ನ ಚರ್ಚೆಯ ಅಧ್ಯಾಯದ ಒಳ್ಳೆಯ ಪುಟಗಳು ಹುಟ್ಟಿದ್ದು ಈ ಅಂಚಿನ ಟಿಪ್ಪಣಿಗಳಿಂದ.

ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿಸಬೇಡಿ. ಕಾಗದ ಉಳಿಸಲು ಹೋಗಿ ನಾನು ಒಂಬತ್ತು ಜನರ ಹಿಂಬದಿ ಪುಟವನ್ನು ಖಾಲಿಯಾಗಿ ಪಡೆದೆ. ಹೆಸರು ಇರುವ ಒಪ್ಪಿಗೆ ಪತ್ರಗಳು ಒಂದು ಲಕೋಟೆಯಲ್ಲಿ, ಸಂಕೇತ ಸಂಖ್ಯೆ ಮಾತ್ರ ಇರುವ ಪ್ರಶ್ನಾವಳಿಗಳು ಇನ್ನೊಂದರಲ್ಲಿ, ಎರಡೂ ಬೇರೆ ಬೇರೆ ಬೀರುವಿನಲ್ಲಿ ಇರಲಿ.

ಅಂಕಿಗಳ ಜೊತೆ

ಪಡೆದ ಉತ್ತರಗಳನ್ನು ಅದೇ ಸಂಜೆ ಎಕ್ಸೆಲ್‌ನಲ್ಲಿ ತುಂಬಿ. ಪರ್ಸೀವ್ಡ್ ಸ್ಟ್ರೆಸ್ ಸ್ಕೇಲ್‌ನಲ್ಲಿ 4, 5, 7 ಮತ್ತು 8ನೆಯ ಪ್ರಶ್ನೆಗಳು ಒಳ್ಳೆಯದನ್ನು ಕೇಳುತ್ತವೆ, ಆದ್ದರಿಂದ ಅವುಗಳ ಅಂಕವನ್ನು ತಿರುಗಿಸಬೇಕು: 0 ಇದ್ದದ್ದು 4, 1 ಇದ್ದದ್ದು 3. ಮೊದಲ ಸಲ ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬುದರ ಅಳತೆ) ತೀರಾ ಕಡಿಮೆ ಬಂದಾಗ ನನ್ನ ಅನುವಾದವೇ ಕೆಟ್ಟಿತು ಎಂದು ಒಂದು ರಾತ್ರಿ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ನೋಡಿದರೆ ಏಳನೆಯ ಪ್ರಶ್ನೆಯನ್ನು ತಿರುಗಿಸುವುದು ಮರೆತುಹೋಗಿತ್ತು. ಯಾವುದಾದರೂ ಒಂದು ಪ್ರಶ್ನೆ ಒಟ್ಟು ಅಂಕದೊಂದಿಗೆ ಋಣಾತ್ಮಕ ಸಂಬಂಧ (ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗುವುದು) ತೋರಿಸಿದರೆ ಮೊದಲು ಇದನ್ನೇ ಅನುಮಾನಿಸಿ.

ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ತಂತ್ರಾಂಶಕ್ಕೆ ಪರವಾನಗಿ ಇಲ್ಲದಿದ್ದರೆ ಕದ್ದ ಪ್ರತಿ ಹಾಕಿಕೊಳ್ಳಬೇಡಿ. ಜಾಸ್ಪ್, ಜಮೋವಿ ಎರಡೂ ಉಚಿತ, ನಮ್ಮ ಮಟ್ಟದ ಕೆಲಸಕ್ಕೆ ಧಾರಾಳವಾಗಿ ಸಾಕು. ಮಾಹಿತಿ ಸಂಗ್ರಹಿಸುವ ಮೊದಲೇ ಊಹೆಯನ್ನೂ ವಿಶ್ಲೇಷಣೆಯ ಕ್ರಮವನ್ನೂ ಬರೆದು ಓಪನ್ ಸೈನ್ಸ್ ಫ್ರೇಮ್‌ವರ್ಕ್ ಎಂಬ ಜಾಲತಾಣದಲ್ಲಿ ದಿನಾಂಕ ಸಹಿತ ನೋಂದಾಯಿಸಿ. 2015ರಲ್ಲಿ ಪ್ರಕಟವಾದ ದೊಡ್ಡ ಸಾಮೂಹಿಕ ಪ್ರಯತ್ನವೊಂದರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರಳಿ ಮಾಡಿ ನೋಡಿದಾಗ, ಶೇ. 36ರಷ್ಟರಲ್ಲಿ ಮಾತ್ರ ಫಲಿತಾಂಶ ಸಾಂಖ್ಯಿಕವಾಗಿ ಮಹತ್ವದ್ದಾಗಿ ಬಂತು. ಮೂಲದಲ್ಲಿ ಅದು ಶೇ. 97 ಇತ್ತು. ಬಂದ ಅಂಕಿಯನ್ನು ನೋಡಿ ಊಹೆಯನ್ನು ತಿದ್ದುವ ಅಭ್ಯಾಸವೂ ಇದಕ್ಕೆ ಒಂದು ಕಾರಣ. ಏನೂ ಸಂಬಂಧ ಕಾಣದಿದ್ದರೆ ಹಾಗೆಂದೇ ಬರೆಯಿರಿ. ಒಳ್ಳೆಯ ಪರೀಕ್ಷಕರು ಅದಕ್ಕೆ ಅಂಕ ಕಳೆಯುವುದಿಲ್ಲ.

ಬರವಣಿಗೆ ಮತ್ತು ವೈವಾ

ವಿಧಾನದ ಅಧ್ಯಾಯವನ್ನು ಕ್ಷೇತ್ರಕಾರ್ಯ ನಡೆಯುತ್ತಿರುವಾಗಲೇ ಬರೆಯಿರಿ, ನೆನಪು ಹಸಿಯಾಗಿರುತ್ತದೆ. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಆದರೆ ಪದಗಳನ್ನು ಹಿಂದೆಮುಂದೆ ಮಾಡಿ ಆ ಸಂಖ್ಯೆಯ ಕೆಳಗೆ ಇಳಿಸುವ ಆಟಕ್ಕೆ ಹೋಗಬೇಡಿ; ಓದಿದ ಲೇಖನವನ್ನು ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಬರೆದರೆ ತೊಂದರೆಯೇ ಬರುವುದಿಲ್ಲ. ವೈವಾದಲ್ಲಿ ನನಗೆ ಹೆಚ್ಚು ಪ್ರಶ್ನೆ ಬಂದದ್ದು ಅಂಕಿಗಳ ಮೇಲಲ್ಲ, ಅನುವಾದದ ನೋಟ್‌ಬುಕ್ಕಿನ ಮೇಲೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ‘ಸರಿದೂಗಿಸು’ ಎಂಬ ಪದದ ಸುತ್ತಲೇ ಕಳೆಯಿತು.

ಕೊನೆಯ ಹೆಜ್ಜೆ ಯಾವ ಪಠ್ಯಕ್ರಮದಲ್ಲೂ ಇಲ್ಲ, ದಯವಿಟ್ಟು ಬಿಡಬೇಡಿ. ಕಂಡುಕೊಂಡದ್ದನ್ನು ಒಂದು ಪುಟ ಸರಳ ಕನ್ನಡದಲ್ಲಿ ಬರೆದು, ಉತ್ತರ ಕೊಟ್ಟವರಿಗೆ ತಲುಪಿಸಿ. ವೈವಾ ಮುಗಿದ ಮುಂದಿನ ತಿಂಗಳು ನಾನು ಮತ್ತೆ ಅದೇ ಸಭೆಗಳಿಗೆ ಹೋದೆ. ಬಸ್ಸಿನ ದಾರಿಯ ಮಾತು ಹೇಳಿದ್ದ ಅಕ್ಕ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ಹಾಳೆಯನ್ನು ಪೂರ್ತಿ ಓದಿ, “ಇದರಲ್ಲಿ ನಾನು ಬರೆದದ್ದು ಯಾವುದಮ್ಮ?” ಎಂದು ಕೇಳಿದರು. ನಿಮ್ಮ ಹಾಳೆ ಅಂಕಿಗಳ ಲೆಕ್ಕದಲ್ಲಿಲ್ಲ, ಆದರೆ ನಿಮ್ಮಿಂದಲೇ ಈ ಐದನೆಯ ಪ್ರಶ್ನೆ ಬದಲಾಯಿತು ಎಂದು ಬೆರಳಿಟ್ಟು ತೋರಿಸಿದೆ. ಹೊಸ ಪ್ರಶ್ನೆಯನ್ನು ಅವರು ತುಟಿ ಅಲುಗಿಸುತ್ತ ಓದಿಕೊಂಡರು. “ಹೀಗೆ ಕೇಳಿ ಮತ್ತೆ” ಎಂದು ಹಾಳೆಯನ್ನು ನಾಲ್ಕಾಗಿ ಮಡಿಸಿ ಗರ್ಭಿಣಿಯರ ರಿಜಿಸ್ಟರಿನೊಳಗೆ ಇಟ್ಟುಕೊಂಡರು.